ವನಜಾಕ್ಷಿ ಅತ್ತಿಗೆಯ ಬಿಸಿನೀರಿನ ಮಿಷನ್ನು

ಆ ಬಿಸಿನೀರು ಎಲ್ಲಿ ಅತ್ತಿಗೆಯ ಮೈಮೇಲೆ ಬಿದ್ದುಬಿಡುತ್ತದೋ ಎಂಬ ಭಯ ಎಷ್ಟು ಮಾಡಿದರೂ ನನ್ನನ್ನು ಬಿಡುತ್ತಿರಲಿಲ್ಲ. ಮಗುವಿಗೆ ನೀರು ಹಾಕುವಾಗ ಹತ್ತು ಸಲ ಮೊಣಕೈ ಅದ್ದಿ ನೋಡುವವಳು ನಾನು. ನನ್ನ ಗಂಡನ ಅಕ್ಕ ವನಜಾಕ್ಷಿಯಾದರೋ, ಮುಟ್ಟಿದರೆ ಬೊಬ್ಬೆ ಏಳುವಂಥ ನೀರನ್ನು ಪೈಪಿನಿಂದ ರಭಸವಾಗಿ ಚಿಮ್ಮಿಸಿ ಕಲ್ಯಾಣ ಮಂಟಪಗಳ ಅಡುಗೆಮನೆ ತೊಳೆಯುತ್ತಾರೆ.

ಅದಕ್ಕೇ ಕುಣಿಗಲ್ಲಿನ ಲಕ್ಷ್ಮೀನರಸಿಂಹಯ್ಯನವರಿಗೆ ಫೋನ್ ಮಾಡಲು ಹಿಂಜರಿಯುತ್ತಿದ್ದೆ. ನಮ್ಮ ತಂದೆಯ ಸ್ನೇಹಿತರು, ಅಲ್ಲಿನ ದೊಡ್ಡ ಮಂಟಪವೊಂದರ ಮ್ಯಾನೇಜರ್. ಅಡುಗೆಮನೆ ತೊಳೆಯಲು ಕಾಯಂ ಜನ ಹುಡುಕುತ್ತಿದ್ದರು. "ನೀನೊಂದು ಮಾತು ಹೇಳೇ, ಸಾಕು" ಎಂದಿದ್ದರು ಅತ್ತಿಗೆ. ಆ ಕೆಲಸ ಸಿಕ್ಕರೆ ಕೇಟರಿಂಗಿನವರ ಪಾತ್ರೆ ತಿಕ್ಕುವುದನ್ನು ಅವರು ಪೂರಾ ಬಿಡಬಹುದಿತ್ತು.

ಅವರೂ ಅವರ ಯಜಮಾನರು ಗಂಗರಾಜು ಅವರೂ ಆ ಹಳೇ ಮಿಷನ್ನನ್ನು ತುಮಕೂರಿನ ಲಾರಿ ಸರ್ವಿಸ್ ಸ್ಟೇಷನ್ನೊಂದರಿಂದ ತಂದದ್ದು 2004ರಲ್ಲಿ. ಡೀಸೆಲ್ ಬರ್ನರ್ ನೀರು ಕಾಯಿಸುತ್ತದೆ, ಪಂಪು ತಳ್ಳುತ್ತದೆ. ಮೊದಲ ಕೆಲಸ ಗುಬ್ಬಿಯ ಮಂಟಪವೊಂದರಲ್ಲಿ. ವರ್ಷಗಳ ಜಿಡ್ಡು ಕರಗಿ ಹರಿದು, ನೆಲದ ಕಲ್ಲಿನ ಬಣ್ಣ ಕಂಡಿತು. ಆದರೆ ಮುಂದಿನ ಮದುವೆಯ ದಿನ ಮೋರಿ ಕಟ್ಟಿಕೊಂಡು ನೀರೆಲ್ಲ ಒಲೆಯ ಬುಡಕ್ಕೆ ಬಂತು. ಕರಗಿದ ಡಾಲ್ಡಾ ಮೋರಿಯೊಳಗೆ ತಣ್ಣಗಾಗಿ ಗಟ್ಟಿಯಾಗಿತ್ತು!

"ಏನಮ್ಮ, ನೆಲ ತೊಳೆದ್ಯೋ, ಮೋರಿಗೆ ಮೇಣ ತುಂಬಿದ್ಯೋ?" ಎಂದು ಅಡುಗೆಯ ಅಣ್ಣಯ್ಯಪ್ಪ ಎಲ್ಲರೆದುರು ಆಡಿಕೊಂಡರು. ಅತ್ತಿಗೆ ಸೆರಗು ಕಟ್ಟಿ, ಚಪ್ಪಡಿ ಎತ್ತಿ, ಕೈಯಾರೆ ಮೋರಿ ಬಿಡಿಸಿದರು.

ಅಂದಿನಿಂದ ಅವರದೇ ಒಂದು ಪದ್ಧತಿ. ತೆಂಗಿನ ನಾರು ತುಂಬಿದ ಗೋಣಿಚೀಲವನ್ನು ಮೋರಿಯ ಬಾಯಿಗೆ ಒತ್ತಿ ನೀರು ನಿಲ್ಲಿಸುತ್ತಾರೆ. ತಣ್ಣಗಾಗಿ ಮೇಲೆ ಹೆಪ್ಪುಗಟ್ಟಿದ ಜಿಡ್ಡನ್ನು ಪೂರಿ ತೆಗೆಯುವ ಜಾಲರಿಯಲ್ಲಿ ಬಳಿದ ಮೇಲಷ್ಟೇ ನೀರು ಬಿಡುವುದು.

ಹೋದ ವಾರ ಧೈರ್ಯ ಮಾಡಿ ಮಗುವನ್ನು ಎತ್ತಿಕೊಂಡು ಗುಬ್ಬಿಯ ಅದೇ ಮಂಟಪಕ್ಕೆ ಅವರ ಕೆಲಸ ನೋಡಲು ಹೋದೆ.

"ಹೊಸಿಲು ದಾಟ್ಬೇಡ ಕಣೇ!" ಅತ್ತಿಗೆ ಬಾಗಿಲಲ್ಲೇ ತಡೆದರು. ರಬ್ಬರ್ ಪ್ಯಾಂಟನ್ನು ಗಮ್‌ಬೂಟಿನ ಮೇಲೆ ಇಳಿಬಿಟ್ಟಿದ್ದರು. ಒಳಗೆ ತುರುಕಿದರೆ ಬಿಸಿನೀರು ಬೂಟಿಗೇ ಇಳಿಯುತ್ತದಂತೆ. ತಿರುಗುವ ಮುಂಚೆ ಪೈಪಿನ ತುದಿಯ ಗನ್ನಿನ ಕುದುರೆ ಬಿಟ್ಟು ನೀರು ನಿಲ್ಲಿಸಿ, ಪಂಕ್ತಿಯಲ್ಲಿ ಸಾರು ಬಡಿಸುವವರ ಹಾಗೆ "ಬಿಸಿ, ಬಿಸಿ!" ಎಂದು ಕೂಗುತ್ತಿದ್ದರು.

"ನನ್ನ ಅಡುಗೆಮನೆಗೇ ನಾನು ಪರ್ಮಿಷನ್ ಕೇಳ್ಬೇಕು ನೋಡಮ್ಮ" ಎಂದರು ಹೊರಗೆ ನಿಂತಿದ್ದ ಅಣ್ಣಯ್ಯಪ್ಪ.

"ಮೊದ್ಲು ಎಣ್ಣೆ ಚೆಲ್ಲೋದು ಬುಡಣ್ಣ, ಆಮೇಲೆ ಕೇಳೀವಂತೆ!" ಅತ್ತಿಗೆ ಒಳಗಿನಿಂದಲೇ ಕೂಗಿದರು.

ನೆಲ ಆರಿತು. "ಮಗೂನ ಬಿಡು ಕೆಳಗೆ" ಎಂದರು ಅತ್ತಿಗೆ. ನೆಂಟರ ಮನೆಯಲ್ಲೂ ಚಾಪೆ ಹಾಸದೆ ಮಗುವನ್ನು ಬಿಡದ ನಾನು ಬಿಟ್ಟೆ. ಅದು ಒಲೆಕಟ್ಟೆಯವರೆಗೂ ಅಂಬೆಗಾಲಿಟ್ಟು ಹೋಗಿ ಬಂತು. ಅಂಗೈ ತಿರುಗಿಸಿ ನೋಡಿದೆ. ಜಿಡ್ಡಿಲ್ಲ, ಮಸಿಯಿಲ್ಲ. ಇವರು ನಮ್ಮ ಅತ್ತಿಗೆ ಎಂದು ಅಲ್ಲಿದ್ದವರಿಗೆಲ್ಲ ಕೂಗಿ ಹೇಳಬೇಕೆನಿಸಿತು.

ಮನೆಗೆ ಬಂದವಳೇ ಕುಣಿಗಲ್ಲಿಗೆ ಫೋನ್ ಹಚ್ಚಿ ಅತ್ತಿಗೆಯ ವಿಷಯ, ಮಿಷನ್ನಿನ ವಿಷಯ ಎಲ್ಲ ಹೇಳಿದೆ.

"ಹೆಂಗಸು ನಿಭಾಯಿಸ್ತಾರೇನಮ್ಮ? ಹುಡುಗಾಟದ ಮಿಷನ್ ಅಲ್ಲ ಅದು" ಎಂದರು ಲಕ್ಷ್ಮೀನರಸಿಂಹಯ್ಯನವರು.

"ನಿಭಾಯಿಸ್ತಾರೆ ಅಂಕಲ್. ನನ್ನಂಥ ಪುಕ್ಕಲಿ ಎದುರಿಗೆ ನಿಂತು ನೋಡಿ ಹೇಳ್ತಿದೀನಿ. ಸೋಮವಾರ ಬರಕ್ಕೆ ಹೇಳ್ಲಾ?"

ಅವರು ನಕ್ಕರು. "ಹೇಳಮ್ಮ, ಬರ್ಲಿ."