ತೇಪೆ ಹಾಕಿದ ಟೈರಿನಲ್ಲಿ ಅಜ್ಜಂಪುರದ ಕಡೆಗೆ

ಸೋಮವಾರ ನನ್ನ ತಮ್ಮ ಬೆಂಗಳೂರಿನ ಆಸ್ಪತ್ರೆಗೆ ಸೇರಬೇಕಿತ್ತು. ಮಾರನೆಯ ದಿನ ಅವನ ಬಲಗಾಲನ್ನು ತೊಡೆಯ ನಡುವಿನಿಂದ ತೆಗೆಯುವುದೆಂದು ನಿಶ್ಚಯವಾಗಿತ್ತು. ಮೂಳೆಯೊಳಗೆ ಬೆಳೆದ ಗೆಡ್ಡೆಯನ್ನು ಹಿಂದೊಮ್ಮೆ ಕೆರೆದು ತೆಗೆದು, ಒಳಗೆ ಸ್ಟೀಲಿನ ಸರಳು ಕೂರಿಸಿ, ಕಾಲು ಉಳಿಸಿಕೊಳ್ಳಲು ನೋಡಿದ್ದರು. ಗೆಡ್ಡೆ ಮತ್ತೆ ಬೆಳೆಯಿತು. ಇನ್ನು ಕಾಲು ಉಳಿಸಲು ಹೋದರೆ ಮನುಷ್ಯನೇ ಉಳಿಯುವುದಿಲ್ಲ ಎಂದು ಡಾಕ್ಟರು ನನ್ನನ್ನೂ ಅವನ ಹೆಂಡತಿಯನ್ನೂ ಕೂರಿಸಿಕೊಂಡು ಹೇಳಿದರು. ಅವನಿಗೆ ಅದನ್ನು ಹೇಳಿದವಳು ನಾನು. ಕೇಳಿಸಿಕೊಂಡು, ಸರಿ ಅಂದ. ಅಷ್ಟೇ ಅಂದ.

ಭಾನುವಾರ ತಿಂಡಿಗೆ ಕೂತಾಗ, ಇವತ್ತು ಕಾರು ತೆಗೆಯುತ್ತೇನೆ ಎಂದ. ಬೇಡ ಎನ್ನುವ ಧೈರ್ಯ ನಮಗಿಬ್ಬರಿಗೂ ಬರಲಿಲ್ಲ. ಕಡೂರಿನಲ್ಲಿ ಡ್ರೈವಿಂಗ್ ಸ್ಕೂಲು ನಡೆಸುವವನು ಅವನು. ಊರಿನ ಮೇಷ್ಟರುಗಳು, ನರ್ಸುಗಳು, ದೇವನೂರು ಕಡೆಯಿಂದ ಬರುವ ರೈತರು, ಎಲ್ಲರೂ ಅವನ ಪಕ್ಕದಲ್ಲಿ ಕೂತು ಕ್ಲಚ್ಚು ಬಿಡುವುದನ್ನು ಕಲಿತವರು. ದಿನವೆಲ್ಲ ಗಾಡಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು, ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, ಇಪ್ಪತ್ತರ ವೇಗದಲ್ಲಿ ತೆವಳುವವನಿಗೆ ತನ್ನದೇ ಒಂದು ಓಡುವ ಗಾಡಿ ಬೇಕೆಂಬ ಹುಚ್ಚು ಚಿಕ್ಕಂದಿನಿಂದ ಇತ್ತು. ಕಾಲುನೋವು ಶುರುವಾಗುವ ಮುಂಚಿನ ವರ್ಷ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಂದಿದ್ದ. ಹಳದಿ ಬಣ್ಣ, ಎರಡೇ ಸೀಟು, ನೆಲಕ್ಕೆ ಅಂಟಿಕೊಂಡ ಹಾಗೆ ಕೂತ ಗಾಡಿ. ಅದರಲ್ಲಿ ಕೂರುವುದೆಂದರೆ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತ ಹಾಗೆ ಎಂದು ನಾನು ನಗುತ್ತಿದ್ದೆ.

ಅವನ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದು, ನೀವು ಜೊತೆಗೆ ಹೋಗಿ ಅತ್ತಿಗೆ, ನಾನು ಕೂತರೆ ಅಳುತ್ತೇನೆ, ಅವರು ಓಡಿಸೋದನ್ನೇ ಬಿಡುತ್ತಾರೆ ಎಂದಳು. ನನಗೆ ಗಾಡಿ ಓಡಿಸಲು ಬರುವುದಿಲ್ಲ. ಜೊತೆಗೆ ಡಾಕ್ಟರು ಹೇಳಿದ್ದು ತಲೆಯಲ್ಲಿತ್ತು: ಮೂಳೆ ಹಪ್ಪಳದ ಹಾಗಾಗಿದೆ, ಜೋರಾಗಿ ಊರಿದರೆ ಮುರಿಯಬಹುದು. ಬ್ರೇಕು ಒತ್ತುವುದೂ ಊರುವುದೇ ತಾನೆ. ಆದರೂ ಹೋಗಿ ಕೂತೆ.

ಕಡೂರಿನಿಂದ ಬೀರೂರು, ಅಲ್ಲಿಂದ ತರೀಕೆರೆ, ತರೀಕೆರೆಯಿಂದ ಅಜ್ಜಂಪುರ, ಮತ್ತೆ ಬೀರೂರಿಗೆ ಬಂದು ಮನೆ. ಲೈಸೆನ್ಸು ಸಿಕ್ಕವರನ್ನು ಕೊನೆಯ ಪಾಠಕ್ಕೆಂದು ಅವನು ಕರೆದೊಯ್ಯುತ್ತಿದ್ದ ಸುತ್ತು ಅದು. ಬೀರೂರು ದಾಟಿ ಹೆದ್ದಾರಿ ಬಿಚ್ಚಿಕೊಂಡಾಗ ಅವನು ಆಕ್ಸಿಲರೇಟರ್ ಒತ್ತಿದ. ನನ್ನ ಬೆನ್ನು ಸೀಟಿಗೆ ಅಂಟಿತು. ಭಯದಿಂದ ಅವನ ಮುಖ ನೋಡಿದೆ. ಎಷ್ಟೋ ತಿಂಗಳಿನಿಂದ ಆ ಮುಖದಲ್ಲಿದ್ದ ಒಂದು ಬಿಗಿತ ಇರಲಿಲ್ಲ.

ತರೀಕೆರೆ ಇನ್ನೇನು ಬಂತು ಎನ್ನುವಾಗ ನನ್ನ ಕಾಲಿನ ಕೆಳಗೇ ಟಪ್ ಎಂದು ಶಬ್ದವಾಯಿತು. ಕಾರು ಎಡಕ್ಕೆ ಎಳೆಯಿತು. ಅವನು ಬ್ರೇಕು ತುಳಿಯದೆ, ಗೇರು ಇಳಿಸುತ್ತ ಇಳಿಸುತ್ತ, ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ. ಮುಂದಿನ ಎಡಗಡೆಯ ಟೈರು ಚಪ್ಪಟೆಯಾಗಿತ್ತು. ಯಾವುದೋ ಲಾರಿಯಿಂದ ಮುರಿದು ಬಿದ್ದ ಕಬ್ಬಿಣದ ಚೂರು ಅದರಲ್ಲಿ ಸಿಕ್ಕಿಕೊಂಡಿತ್ತು. ಆ ಕಾರಿಗೆ ಸ್ಟೆಪ್ನಿ ಇಲ್ಲ. ಒಂದು ಡಬ್ಬಿ ಅಂಟು ಮತ್ತು ಕರೆಂಟಿನ ಪಂಪು, ಅಷ್ಟೇ ಕೊಟ್ಟಿರುತ್ತಾರೆ. ಅಂಟು ಹಾಕಿದರೆ ಸೀಳಿನಿಂದ ನೊರೆಯಾಗಿ ಹೊರಗೆ ಬಂತು.

ಗಾಳಿ ಹಾಕುತ್ತ, ನಿಲ್ಲಿಸುತ್ತ, ತರೀಕೆರೆಯ ಹೊರಗಿನ ಒಂದು ಪಂಕ್ಚರ್ ಅಂಗಡಿ ಸೇರಿದೆವು. ಅಂಗಡಿಯವನು ಟ್ರ್ಯಾಕ್ಟರ್ ಟೈರು, ಬೈಕಿನ ಟ್ಯೂಬು ನೋಡುವವನು. ಈ ಗಾಡಿಯ ಕೆಳಗೆ ಜಾಕು ಹೋಗಲಿಲ್ಲ. ಚಕ್ರವನ್ನು ಹಲಗೆಯ ಮೇಲೆ ಹತ್ತಿಸಿ, ಜಾಕು ತೂರಿಸಿ, ಬಹಳ ಹೊತ್ತು ಒದ್ದಾಡಿ ಬಿಚ್ಚಿದ. ಸೀಳು ನೆಲಕ್ಕೆ ತಾಗುವ ಪಟ್ಟಿಯ ಕೊನೆಯಲ್ಲಿ, ಟೈರಿನ ಪಕ್ಕದ ಗೋಡೆ ಶುರುವಾಗುವ ಕಡೆ ಇತ್ತು. ಅಂಗಡಿಯವನು ಬೆರಳಿಟ್ಟು ನೋಡಿ ತಲೆ ಕೆರೆದುಕೊಂಡ.

"ನಡುವೆ ಆಗಿದ್ರೆ ಕಣ್ಮುಚ್ಕೊಂಡು ಹಾಕ್ಬಿಡ್ತಿದ್ದೆ ಸಾರ್. ಇದು ಅಂಚಿಗೈತೆ. ನಿಂತ್ರೂ ನಿಲ್ಬೋದು, ಇಲ್ಲಾಂದ್ರೆ ಇಲ್ಲ. ಈ ಥರದ್ದು ನಾನು ಮುಟ್ಟೇ ಇಲ್ಲ."

ನಾನು ತಕ್ಷಣ ಹೊಸದು ಹಾಕಿಸೋಣ ಎಂದೆ. ಶಿವಮೊಗ್ಗದ ಟೈರು ಅಂಗಡಿಯವರಿಗೆ ಫೋನು ಮಾಡಿದೆ. ಆ ಅಳತೆಯದು ಇಲ್ಲ, ಬೆಂಗಳೂರಿನಿಂದ ತರಿಸಬೇಕು, ಭಾನುವಾರ ಬೇರೆ, ಬುಧವಾರಕ್ಕೆ ಬರಬಹುದು ಎಂದರು. ಹಾಸನದಲ್ಲಿಯೂ ಅದೇ ಉತ್ತರ. ಬುಧವಾರ ಎನ್ನುವ ಮಾತನ್ನು ಅವನ ಮುಂದೆ ಹೇಳಲು ನಾಲಗೆ ಏಳಲಿಲ್ಲ. ಆದರೆ ಫೋನಿನ ದನಿ ಅವನಿಗೂ ಕೇಳಿಸಿತ್ತು.

"ಪ್ಯಾಚ್ ಹಾಕ್ರಿ," ಎಂದ ಅಂಗಡಿಯವನಿಗೆ.

ನಾನು ಒಪ್ಪಲಿಲ್ಲ. ಮುಂದಿನ ಚಕ್ರ, ಓಡುವಾಗ ಒಡೆದರೆ ಸ್ಟೇರಿಂಗು ಕೈಗೆ ಸಿಗುವುದಿಲ್ಲ ಎಂದು ಅವನೇ ಎಷ್ಟು ಜನಕ್ಕೆ ಪಾಠ ಮಾಡಿಲ್ಲ? ಹಾಗೇನಾದರೂ ಆದರೆ ಅವನ ಹೆಂಡತಿಗೆ ನಾನು ಯಾವ ಮುಖ ತೋರಿಸಲಿ? ಹೊಸ ಟೈರು ಬರಲಿ, ಗಾಡಿ ಇಲ್ಲೇ ಇರಲಿ, ಆಸ್ಪತ್ರೆಯಿಂದ ಬಂದ ಮೇಲೆ... ಎನ್ನುತ್ತ ಹೋದವಳು ಅಲ್ಲಿಗೆ ನಿಂತೆ.

ಅವನು ಸಿಟ್ಟಾಗಲಿಲ್ಲ. ಅಂಗಡಿಯ ಮುಂದಿದ್ದ ಹಳೆಯ ಲಾರಿ ಟೈರಿನ ಮೇಲೆ ಬಲಗಾಲು ನೀಡಿಕೊಂಡು ಕೂತಿದ್ದ.

"ಬಂದ್ಮೇಲೆ ಯಾವ ಕಾಲಲ್ಲಿ ಓಡ್ಸ್ಲಿ ಅಕ್ಕ? ಹೊಸ ಟೈರು ಮುಂದೆ ಓಡ್ಸೋರಿಗೆ ಕಣೇ. ನಂಗೆ ಇವತ್ತು ಸಂಜೆ ತನಕ ನಿಂತ್ರೆ ಸಾಕು."

ನಾನು ಎದ್ದು ರಸ್ತೆಯ ಆಚೆಗೆ ಹೋದೆ. ಆಗ ನಾನು ಮಾಡಿದ್ದನ್ನು ನೆನೆದರೆ ಈಗಲೂ ವಿಚಿತ್ರವೆನಿಸುತ್ತದೆ. ಆಸ್ಪತ್ರೆಗೆ ಫೋನು ಹಚ್ಚಿ, ಆಪರೇಷನ್ನನ್ನು ಎರಡು ದಿನ ಮುಂದಕ್ಕೆ ಹಾಕಲು ಆಗುತ್ತದೆಯೇ ಎಂದು ಕೇಳಿದೆ. ಎತ್ತಿಕೊಂಡ ನರ್ಸಮ್ಮ ಜ್ವರವೇ, ಕೆಮ್ಮೇ ಎಂದು ಕೇಳಿದಳು. ಇಲ್ಲ, ಅವನ ಕಾರಿನ ಟೈರು ಬರಬೇಕು ಎಂದು ಹೇಗೆ ಹೇಳಲಿ? ಮನೆಯಲ್ಲಿ ಒಂದು ಕೆಲಸವಿದೆ ಎಂದೆ. ಈಗಲೇ ತಡವಾಗಿದೆ ಅಮ್ಮಾ, ಡಾಕ್ಟರನ್ನು ಕೇಳಿದರೂ ಒಪ್ಪುವುದಿಲ್ಲ ಎಂದು ಮೆತ್ತಗೆ ಹೇಳಿ ಇಟ್ಟಳು. ಲಾರಿಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ಸೆರಗು ಬಾಯಿಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ತಿರುಗಿ ಬಂದು, ಹಾಕಿ ಎಂದೆ.

ಅಂಗಡಿಯವನು ಒಳಗಿನಿಂದ ಉಜ್ಜಿ, ಅಂಟು ಬಳಿದು, ತೇಪೆ ಒತ್ತಿ, ಟೈರನ್ನು ರಿಮ್ಮಿಗೆ ಕೂರಿಸಿ ಗಾಳಿ ತುಂಬಿದ. ಸೋಪಿನ ನೀರು ಸುರಿದರೆ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಮತ್ತೆ ಬಿಚ್ಚಿ ಇನ್ನೂ ದೊಡ್ಡ ತೇಪೆ ಹಾಕಿದ. ಈ ಸಲ ಗುಳ್ಳೆ ಬರಲು ಸ್ವಲ್ಪ ತಡವಾಯಿತು, ಅಷ್ಟೇ. ಮೂವರೂ ಬಗ್ಗಿ ಅದನ್ನೇ ನೋಡುತ್ತಿದ್ದೆವು. ಒಂದು ಗುಳ್ಳೆ ಹುಟ್ಟುವುದು, ಉಬ್ಬುವುದು, ಒಡೆಯುವುದು. ನಿಧಾನಕ್ಕೆ ಹೋಗಿ, ಜೋರು ಬೇಡ, ಆಮೇಲೆ ನನ್ನ ಮೇಲೆ ತಪ್ಪು ಹೊರಿಸಬೇಡಿ ಎಂದು ಅಂಗಡಿಯವನು ಕೈಮುಗಿದ.

ಅಜ್ಜಂಪುರದ ರಸ್ತೆ ಹಿಡಿದೆವು. ಗಾಳಿಯನ್ನು ಸೀಳಿಕೊಂಡು ಹೋಗಬೇಕಾದ ಗಾಡಿ ಎತ್ತಿನ ಗಾಡಿಯಂತೆ ಹೋಗುತ್ತಿತ್ತು. ಹಾಲಿನ ಕ್ಯಾನು ಕಟ್ಟಿಕೊಂಡ ಬೈಕಿನವರು ನಮ್ಮನ್ನು ದಾಟಿ, ತಿರುಗಿ ನೋಡಿ ನಗುತ್ತಿದ್ದರು. ನಾನು ಬಾಗಿಲಿನ ಗಾಜು ಇಳಿಸಿ, ತಲೆ ಹೊರಗೆ ಹಾಕಿ, ಚಕ್ರದ ಶಬ್ದ ಕೇಳಿಸಿಕೊಳ್ಳುತ್ತಿದ್ದೆ. ಅವನು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ರಸ್ತೆಯನ್ನು ಬಿಟ್ಟು ಬೇರೆಲ್ಲೂ ನೋಡಲಿಲ್ಲ. ಈರುಳ್ಳಿ ಹೊಲಗಳು ಬಂದವು, ತೆಂಗಿನ ಸಾಲು ಬಂತು. ಕಾರು ಮತ್ತೆ ಎಡಕ್ಕೆ ಎಳೆಯತೊಡಗಿತು. ನಿಲ್ಲಿಸಿ ಪಂಪು ಹಚ್ಚಿದೆವು. ಮುಂದೆ ಹೋಗಿ ಮತ್ತೆ ನಿಲ್ಲಿಸಿದೆವು. ಪ್ರತಿ ಸಲವೂ ಹೋಗುವ ದೂರ ಕಮ್ಮಿಯಾಗುತ್ತಿತ್ತು. ಪ್ರತಿ ಸಲವೂ ಅವನು ತಾನೇ ಇಳಿಯುತ್ತೇನೆಂದು ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಹೊರಗಿಡುತ್ತಿದ್ದ. ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಬಿಸಿಲು ಅಷ್ಟೇನೂ ಇರಲಿಲ್ಲ.

ಒಂದು ಕಡೆ ದನಗಳ ಹಿಂಡು ರಸ್ತೆಗೆ ಅಡ್ಡ ಬಂತು. ಅವನು ಬ್ರೇಕು ಒತ್ತಲೇಬೇಕಾಯಿತು. ಕಾರು ನಿಂತಿತು, ಆದರೆ ಅವನ ಗಂಟಲಿನಿಂದ ಬಂದ ಸದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಮೂಳೆ ಮುರಿಯಿತೆಂದೇ ತಿಳಿದು ಅವನ ತೊಡೆ ಹಿಡಿದುಕೊಂಡೆ. ಏನಿಲ್ಲ, ಏನಿಲ್ಲ ಎಂದು ಹಲ್ಲು ಕಚ್ಚಿದ. ದನಗಳು ದಾಟಿ ಹೋದವು. ದನ ಕಾಯುವವನು ಕಾರಿನೊಳಗೆ ಬಗ್ಗಿ ನೋಡಿ, ಅವುಗಳ ಹಿಂದೆ ಹೋದ. ನಾನು ಇಳಿದು ಪಂಪು ತೆಗೆದುಕೊಂಡೆ.

"ಬಿಡಕ್ಕ, ಇನ್ ಗಾಳಿ ಹಾಕ್ಬೇಡ," ಎಂದ. "ತೇಪೆ ಹಾಕ್ಸ್ಕೊಂಡು ಹಾಕ್ಸ್ಕೊಂಡು ಸಾಕಾಗೋಯ್ತು ನಂಗೆ. ಆ ಶಿವಮೊಗ್ಗದೋರಿಗೆ ಫೋನ್ ಮಾಡಿ ಹೊಸದೇ ಕಳ್ಸಕ್ಕೆ ಹೇಳು," ಎಂದ.

ಅವನು ಟೈರಿನ ಬಗ್ಗೆ ಮಾತ್ರ ಹೇಳುತ್ತಿಲ್ಲವೆಂದು ನನಗೆ ಗೊತ್ತಾಯಿತು. ಅಲ್ಲೇ ನಿಂತು ಫೋನು ಮಾಡಿದೆ. ನಾನು ಮಾತಾಡುತ್ತಿರುವಾಗ ಅವನು ಸ್ಟೇರಿಂಗಿನ ಮೇಲೆ ಹಣೆ ಇಟ್ಟು ಅತ್ತ. ಕಾಯಿಲೆ ಗೊತ್ತಾದ ದಿನದಿಂದ ಅತ್ತಿರಲಿಲ್ಲ. ನಾನು ಸಮಾಧಾನ ಮಾಡಲಿಲ್ಲ. ಫೋನಿಟ್ಟು ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ರಸ್ತೆಯಲ್ಲೇ ನಿಂತಿದ್ದೆ.

ಕಾರನ್ನು ಹತ್ತಿರದ ತೋಟದ ಮನೆಯವರ ಕಣದಲ್ಲಿ ಬಿಟ್ಟೆವು. ಅವರು ಯಾರೆಂದು ನಮಗೆ ಗೊತ್ತಿರಲಿಲ್ಲ. ಆ ಮನೆಯ ಯಜಮಾನಿ ಮಜ್ಜಿಗೆ ಕೊಟ್ಟು, ಗಾಡಿಯ ಮೇಲೆ ಕೋಳಿ ಹತ್ತದಂತೆ ಟಾರ್ಪಾಲು ಹೊದಿಸಿದಳು. ಅಜ್ಜಂಪುರದಿಂದ ಬಂದ ಬಸ್ಸಿನಲ್ಲಿ ಕಡೂರಿಗೆ ಮರಳಿದೆವು. ಸೋಮವಾರ ಅವನನ್ನು ಸೇರಿಸಿದೆವು. ಮಂಗಳವಾರ ಕಾಲು ಹೋಯಿತು.

ಆಮೇಲಿನ ವಾರಗಳು ಆ ಭಾನುವಾರಕ್ಕಿಂತ ಕಷ್ಟದವು. ಇಲ್ಲದ ಪಾದ ಉರಿಯುತ್ತದೆ ಎನ್ನುತ್ತಿದ್ದ. ಒಂದು ಮಧ್ಯಾಹ್ನ ನಾನು ಕಿತ್ತಳೆ ಬಿಡಿಸಿ ಕೊಡುತ್ತಿದ್ದಾಗ, "ಆಕ್ಸಿಲರೇಟರ್ ಒತ್ಕೊಂಡೇ ಇದೀನಿ ಅನ್ಸುತ್ತೆ ಅಕ್ಕ. ಕಾಲು ತೆಗಿಯಕ್ಕೇ ಆಗ್ತಿಲ್ಲ," ಎಂದ.

ಟೈರು ಬುಧವಾರ ಬರಲಿಲ್ಲ, ಮುಂದಿನ ವಾರ ಬಂತು. ಅವನ ಹೆಂಡತಿ ಆ ತೋಟದ ಮನೆಗೆ ಹೋಗಿ, ಹಾಕಿಸಿ, ಒಬ್ಬ ಡ್ರೈವರನ್ನು ಹಿಡಿದು ಕಾರನ್ನು ಮನೆಗೆ ತಂದಳು. ಮಾರಿಬಿಡಿ ಎಂದು ನೆಂಟರೆಲ್ಲ ಹೇಳಿದರು. ಅವನು ಮಾರಲಿಲ್ಲ. ಕೃತಕ ಕಾಲು ಹಾಕಿಕೊಂಡು ಬಚ್ಚಲ ತನಕ ನಡೆಯಲು ಕಲಿತ ಮೇಲೆ ಒಂದು ದಿನ ಹೆಂಡತಿಯನ್ನು ಕರೆದು ಕಾರಿನ ಬೀಗದಕೈ ಕೊಟ್ಟ. ಊರಿಗೆಲ್ಲ ಕಲಿಸಿದವನು ಅವಳಿಗೆ ಕಲಿಸಿರಲಿಲ್ಲ.

ಈಗ ತಪಾಸಣೆಗೆ ಬೆಂಗಳೂರಿಗೆ ಹೋಗುವಾಗ ಆ ಹಳದಿ ಕಾರನ್ನು ಅವಳೇ ಓಡಿಸುತ್ತಾಳೆ. ಸ್ಕ್ಯಾನಿನ ಫಲಿತಾಂಶ ಬರುವ ತನಕ ನಮಗ್ಯಾರಿಗೂ ಅನ್ನ ಇಳಿಯುವುದಿಲ್ಲ. ಪ್ರತಿ ಸಲವೂ ಹಾಗೇ. ಹೋದ ತಿಂಗಳು ಅವರು ಹೊರಟಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ಗೇರು ಹಾಕುವಾಗ ಕಾರು ಒಮ್ಮೆ ಜಗ್ಗಿ ಆಫ್ ಆಯಿತು. ಅವನು ಏನೋ ಗದರಿದ, ಅವಳೂ ಏನೋ ತಿರುಗಿ ಅಂದಳು. ಮತ್ತೆ ಸ್ಟಾರ್ಟ್ ಮಾಡಿ, ಕಾರಿನ ತಳ ತಾಗದಂತೆ ರಸ್ತೆಯ ಹಂಪನ್ನು ಓರೆಯಾಗಿ ಹತ್ತಿಸಿ, ಮುಖ್ಯರಸ್ತೆಗೆ ತಿರುಗಿಸಿಕೊಂಡಳು.