ಕಾಗಿಣಾ ಗಡ್ಡಿಯ ಕಾವಲುಗಾರ್ತಿ

ಸೇಡಂನ ಕೆಳಗೆ ಕಾಗಿಣಾ ಹೊಳೆ ಎರಡಾಗಿ ಸೀಳಿ ಮತ್ತೆ ಕೂಡುವ ಕಡೆ ನಾಲ್ಕೆಕರೆಯ ಒಂದು ನಡುಗಡ್ಡೆಯಿದೆ. ಊರವರ ಬಾಯಲ್ಲಿ ಅದು ಬರೀ ಗಡ್ಡಿ. ಮೈಸೂರು ರಾಜ್ಯ ಕರ್ನಾಟಕವಾಗಿ ಏಳೆಂಟು ವರ್ಷಕ್ಕೆ ಆ ಗಡ್ಡಿಗೆ ಸರಕಾರದ ಅನುದಾನ ಬಂತು. ಬೋಳಾದ ನಡುಗಡ್ಡೆಗಳಲ್ಲಿ ಮತ್ತೆ ಕಾಡು ಬೆಳೆಸುವುದಕ್ಕಂತೆ. ಕಾವಲಿಗೆ ಯಾರು ಬರುತ್ತೀರಿ ಎಂದು ಕೇಳಿದಾಗ ಊರ ಗಂಡಸರು ಹಾವು, ಹೊಳೆ, ಹೆಂಡತಿ ಎಂದು ನೂರೆಂಟು ನೆಪ ಹೇಳಿದರು. ಪೀರಮ್ಮ ಮಾತ್ರ ಸೆರಗು ಸೊಂಟಕ್ಕೆ ಸಿಗಿಸಿ, "ನಾ ಹೋಗ್ತೀನ್ರಿ," ಎಂದಳು.

ದರ್ಗಾಕ್ಕೆ ಹರಕೆ ಹೊತ್ತ ಮೇಲೆ ಹುಟ್ಟಿದವಳೆಂದು ಅವಳಿಗೆ ಆ ಹೆಸರು. ನಲವತ್ತೈದರ ವಿಧವೆ, ಬಾಯಿ ಜೋರು, ಕೈ ಅದಕ್ಕಿಂತ ಜೋರು. ಎಪ್ಪತ್ತೆರಡರ ಬರದಲ್ಲಿ ಗಡ್ಡಿಯ ಜಾಲಿಮರ ಕಡಿದು ಸೇಡಂ ಪೇಟೆಗೆ ಸೌದೆ ಹೊತ್ತವರಲ್ಲಿ ಅವಳೂ ಒಬ್ಬಳು. ಹೊಟ್ಟೆಪಾಡು, ಯಾರೂ ಬೈಯಲಿಲ್ಲ. ಆದರೆ ಮರ ಹೋದ ಮೇಲೆ ಪ್ರತಿ ಮಳೆಗಾಲಕ್ಕೂ ಹೊಳೆ ಗಡ್ಡಿಯ ಮಣ್ಣು ತಿನ್ನುವುದನ್ನು ನೋಡಿದಾಗಲೆಲ್ಲ ಅವಳಿಗೆ ತಾನು ಎತ್ತಿದ ಕೊಡಲಿ ನೆನಪಾಗುತ್ತಿತ್ತು.

ಅರಣ್ಯ ಕಚೇರಿಯಿಂದ ಆರುನೂರು ಸುಬಾಬುಲ್ ಸಸಿ ಬಂದವು. ಹಗ್ಗ ಹಿಡಿದು ಸಾಲಾಗಿ ನೆಡಬೇಕು, ಆಡು ಕುರಿ ಕಾಲಿಡಕೂಡದು, ಮರುವರ್ಷದ ತಪಾಸಣೆಗೆ ಅರ್ಧವಾದರೂ ಬದುಕಿರಬೇಕು. ಇಲ್ಲವಾದರೆ ಅನುದಾನವೂ ಬಂದ್, ಕಾವಲೂ ಬಂದ್. ಪೀರಮ್ಮ ಬೆನ್ನು ಬಗ್ಗಿಸಿ ನೆಟ್ಟಳು. ಭಾದ್ರಪದದಲ್ಲಿ ಹೊಳೆ ತುಂಬಿ ಬಂತು. ಇಳಿದಾಗ ನಲವತ್ತು ಸಸಿ ಉಳಿದಿದ್ದವು.

ಆ ನಲವತ್ತಕ್ಕಾದರೂ ಬಲ ಬರಲೆಂದು ಬೇಸಿಗೆಯಲ್ಲಿ ಅವಳಿಗೊಂದು ಉಪಾಯ ಹೊಳೆಯಿತು. ಹೊಲಕ್ಕೆ ಗೊಬ್ಬರ ಬೇಕೆಂದರೆ ಮಳೆಗೆ ಮುಂಚೆ ಆಡು ಕುರಿ ಕೂಡಿಹಾಕಿಸುವುದು ನಮ್ಮ ಕಡೆಯ ವಾಡಿಕೆ. ಹೊಲಕ್ಕಾದದ್ದು ಗಡ್ಡಿಗೇಕಾಗಬಾರದು? ಚಿಂಚೋಳಿ ಗುಡ್ಡದಿಂದ ಹಿಂಡು ಹೊಡೆದುಕೊಂಡು ಬಂದಿದ್ದ ತಮ್ಮ ಗೊಲ್ಲಾಳಪ್ಪನಿಗೆ ಹೇಳಿಕಳಿಸಿದಳು.

"ಯಕ್ಕಾ, ಸರಕಾರದೋರು ಬ್ಯಾಡ ಅಂದಾರಲ್ಲ?"

"ಸರಕಾರಕ್ಕ ಗೊಬ್ಬರದ ಗುಣ ಏನ್ ಗೊತ್ತು? ಸಸಿಗೆ ಬೇಲಿ ಹಾಕೀನಿ. ಸುಮ್ನ ಹೊಡಕೊಂಡು ಬಾ."

ದಿನವೆಲ್ಲ ದಂಡೆಯ ಜಾಲಿಕಾಯಿ ತಿಂದ ನೂರು ಆಡುಗಳು ಸಂಜೆಗೆ ಮೊಣಕಾಲು ನೀರು ದಾಟಿ ಗಡ್ಡಿ ಸೇರಿದವು. ಐದು ದಿನ ಹೀಗೇ ನಡೆಯಿತು. ಮೊದಲ ರಾತ್ರಿಯೇ ಅವು ಬೇಲಿ ಕೆಡವಿ, ನಲವತ್ತು ಸಸಿಯನ್ನೂ ಕಡ್ಡಿ ಬಿಡದೆ ತಿಂದಿದ್ದವು. ಪೀರಮ್ಮ ತಮ್ಮನನ್ನೂ ಆಡುಗಳನ್ನೂ ಕಡೆಗೆ ತನ್ನನ್ನೂ ಮನಸಾರೆ ಬೈದಳು. ಬಂದದ್ದಂತೂ ಬಂದಿದೆ, ಗೊಬ್ಬರವಾದರೂ ಆಗಲೆಂದು ಉಳಿದ ನಾಲ್ಕು ದಿನ ಸುಮ್ಮನಿದ್ದಳು.

ಮುಂಗಾರಿನ ಮಿರಗದ ಮಳೆ ಬಿತ್ತು. ಎಂಟೇ ದಿನಕ್ಕೆ ಹಿಕ್ಕೆಗಳ ನಡುವಿನಿಂದ, ಆಡು ತಿಂದ ಕಾಯಿಯ ಬೀಜ ಒಡೆದು, ಜಾಲಿ ಮೊಳಕೆ ಎದ್ದಿತು. ಒಂದಲ್ಲ ಎರಡಲ್ಲ, ಕಾಲಿಡಲು ಜಾಗವಿಲ್ಲ. ಭಾದ್ರಪದದ ಹೊಳೆ ಬಂದಾಗ ಪೀರಮ್ಮ ಎರಡು ದಿನ ರೊಟ್ಟಿ ಮುಟ್ಟದೆ ದಂಡೆಯಲ್ಲೇ ಕೂತಳು. ನೀರು ಇಳಿಯಿತು. ಕೆಸರು ಮೆತ್ತಿಕೊಂಡು ಮಲಗಿದ್ದ ಸಸಿಗಳು ವಾರದೊಳಗೆ ತಲೆ ಎತ್ತಿದವು.

ತಪಾಸಣೆಗೆ ಫಾರೆಸ್ಟರ್ ಅಮೀರ್ ಅಲಿ ಹರಗೋಲಿನಲ್ಲಿ ಬಂದ. ಎಂಟುನೂರರ ತನಕ ಎಣಿಸಿ ಕೈಬಿಟ್ಟ.

"ಅವ್ವಾ, ಇವು ನಾವು ಕೊಟ್ಟ ಸಸಿ ಅಲ್ಲ. ಸಾಲಿನ್ಯಾಗೂ ಇಲ್ಲ. ಯಾರ್ ಹಚ್ಯಾರ?"

ಹಕ್ಕಿ ತಂದವೆಂದರೆ ಮುಗಿಯುತ್ತಿತ್ತು. ಪೀರಮ್ಮ ಆಚೆ ದಂಡೆಯತ್ತ ಕೈ ಚಾಚಿದಳು.

"ಹಚ್ಚಿದವರು ಆಚಿ ದಂಡಿ ಮ್ಯಾಗ ಮೇಯಾಕತ್ತಾರ್ರಿ ಸಾಹೇಬ್ರ," ಎಂದು ನಡೆದದ್ದನ್ನೆಲ್ಲ ಹೇಳಿಬಿಟ್ಟಳು.

ಅಮೀರ್ ಅಲಿ ತಿರುಗಿ ಆಡುಗಳನ್ನು ನೋಡಿದ. ಟೋಪಿ ಕೆಳಗೆ ಬೀಳುವಂತೆ ನಕ್ಕ. ನಕ್ಕು ಮುಗಿದ ಮೇಲೆ ಮುಖ ಸಣ್ಣದಾಯಿತು.

"ಆಡು ಹಚ್ಯಾವಂತ ಬರದ್ರ ನನ್ನ ತಲಿ ಕೆಟ್ಟದ ಅಂತಾರ. ನೀವೇ ಹಚ್ಚೀರಿ ಅಂತ ಬರೀತೀನಿ. ನಿಮ್ಮ ಕೆಲಸಾನೂ ಉಳೀತದ."

"ಬ್ಯಾಡ್ರಿ. ಸುಳ್ಳು ಬರದ್ರ ಮುಂದಿನ ಗಡ್ಡಿಗೂ ಅವೇ ಸಸಿ ಕಳಸ್ತಾರ, ಅವನ್ನೂ ಹೊಳಿ ಒಯ್ತದ. ನನ್ನ ಕೆಲಸ ಹೋದ್ರ ಹೋಗ್ಲಿ. ಖರೇನ ಬರೀರಿ."

ಅವನು ಖರೆಯನ್ನೇ ಬರೆದ. ಮೂರು ತಿಂಗಳು ಸುದ್ದಿಯಿಲ್ಲ. ಪೀರಮ್ಮನ ಪಗಾರ ಈಗ ಆಡುಗಳಿಗೆ ಸಿಗುತ್ತದೆಂದು ಊರವರು ಛೇಡಿಸಿದರು. ಅವಳು ನಗುತ್ತಿದ್ದಳು, ಆದರೆ ಸಾಕಷ್ಟು ಹೆದರಿದ್ದಳು.

ಪುಷ್ಯ ಮಾಸದಲ್ಲಿ ಅಮೀರ್ ಅಲಿ ಕಾಗದ ತಂದು ಊರ ಕಟ್ಟೆಯ ಮೇಲೆ ಕೂತು ಓದಿದ. ಅನುದಾನ ಮುಂದುವರಿದಿದೆ. ಈ ಗಡ್ಡಿಗೆ ಇನ್ನು ಐದು ವರ್ಷ ಆಡು ಬಿಡಕೂಡದು. ಕೆಳಗಿನ ಎರಡು ನಡುಗಡ್ಡೆಗಳಲ್ಲಿ ಮಳೆಗೆ ಮುಂಚೆ ಆಡು ಕೂಡಿಹಾಕಿಸತಕ್ಕದ್ದು, ಆ ಕೆಲಸವನ್ನು ಸಿಬ್ಬಂದಿಗೆ ಪೀರಮ್ಮನವರು ತೋರಿಸಿಕೊಡತಕ್ಕದ್ದು.

"ಇನ್ನೊಮ್ಮಿ ಓದ್ರಿ," ಎಂದಳು. ಓದಿದ. ಮತ್ತೊಮ್ಮೆ ಓದಿಸಿದಳು. ಮೂರನೇ ಸಲ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಊರವರು ಆಗ ಛೇಡಿಸಲಿಲ್ಲ. ಅತ್ತು ಮುಗಿಸಿ ಕಣ್ಣೊರೆಸಿಕೊಂಡವಳೇ, "ನಡೀರಿ, ಆ ಎರಡೂ ಗಡ್ಡಿ ನೋಡಿ ಬರೂಣು," ಎಂದಳು.

"ಮಳಿಗಿ ಇನ್ನಾ ಐದು ತಿಂಗಳ ಅದ, ಅವ್ವಾ."

"ನೋಡಾಕ ಮಳಿ ಯಾಕ ಬೇಕ್ರಿ?" ಎನ್ನುತ್ತ ಪೀರಮ್ಮ ಆಗಲೇ ಹೊಳೆಯ ದಾರಿ ಹಿಡಿದಿದ್ದಳು.