ಬಿಡ್ತು ಅನ್ನದ ಸಿಸ್ಟರಮ್ಮ

ಅವರ ಗಡಿಯಾರದ ಮುಖ ಮಣಿಕಟ್ಟಿನ ಒಳಭಾಗಕ್ಕೆ ಇರುತ್ತಿತ್ತು. ಸಣ್ಣ ಬಿಳಿ ಡಯಲ್ಲು, ಬೆವರು ಕುಡಿದು ಬಿರುಕು ಬಿಟ್ಟ ಕರಿ ಪಟ್ಟಿ. ಯಾರನ್ನೇ ಮಾತಾಡಿಸಲಿ, ಅವರ ಕೈ ಹಿಡಿದುಕೊಂಡೇ ಮಾತಾಡುವುದು. ಎಷ್ಟು ಪ್ರೀತಿ ಅಂತ ನಾವು ಕರಗುವಷ್ಟರಲ್ಲಿ ಅವರ ಎರಡು ಬೆರಳು ನಮ್ಮ ನಾಡಿಯ ಮೇಲೆ ಕೂತಿರುತ್ತಿದ್ದವು, ಕಣ್ಣು ಗಡಿಯಾರದ ಮೇಲೆ. ಪ್ರೀತಿಯೂ ಇತ್ತು ಅನ್ನಿ, ಆದರೆ ನಾಡಿ ನೋಡಿ ಮುಗಿದ ಮೇಲೆ.

ನ್ಯಾಮತಿ ಸುತ್ತಿನ ಹಳ್ಳಿಗಳಿಗೆ ಅವರು ಸರ್ಕಾರಿ ನರ್ಸು. ಸೂಲಗಿತ್ತಿ, ಲಸಿಕೆ ಹಾಕುವವರು, ಗಂಡ ಹೆಂಡಿರ ಜಗಳ ಬಿಡಿಸುವವರು, ಎಲ್ಲವೂ ಅವರೇ. ಎಲ್ಲರಿಗೂ ಸಿಸ್ಟರಮ್ಮ. ಗೋವಿನಕೋವಿಯಲ್ಲಿ ಮನೆ ಮಾಡಿಕೊಂಡಿದ್ದರು. ನಮ್ಮಪ್ಪ ಹೊನ್ನಾಳಿ, ನ್ಯಾಮತಿ ಕಡೆಯ ಸರ್ಕಾರಿ ಬಸ್ಸಿನ ಕಂಡಕ್ಟರ್. ಲಸಿಕೆಯ ಐಸ್ ಡಬ್ಬಿ ಹೊತ್ತು ಅವರು ಹತ್ತಿದರೆ ಮುಂದಿನ ಸೀಟು ಅವರಿಗೇ. ಅಲ್ಲಿ ಕೂತವರು ಎಂಥಾ ಮುಖಂಡರೇ ಆಗಿರಲಿ, ಅಪ್ಪ ಎಬ್ಬಿಸುತ್ತಿದ್ದರು.

ಆದರೆ ಅಪ್ಪನಿಗೆ ಅವರ ಬಾಯಿ ಕಂಡರೆ ಭಯ. ನಮ್ಮ ಕಡೆ ಕೆಟ್ಟ ಮಾತು ಯಾರ ಬಾಯಲ್ಲಿ ಬಂದರೂ ಪಕ್ಕದವರು 'ಬಿಡ್ತು ಅನ್ನು' ಅನ್ನುತ್ತಾರೆ. ಅಂದುಬಿಟ್ಟರೆ ಆಡಿದ್ದು ಅಲ್ಲಿಗೆ ಕಳೆಯಿತು, ತಲೆಗೆ ಅಂಟಲಿಲ್ಲ ಅಂತ ಲೆಕ್ಕ. ಸಿಸ್ಟರಮ್ಮ ಜನ್ಮದಲ್ಲಿ ಬಿಡ್ತು ಅಂದವರಲ್ಲ. ಒಮ್ಮೆ ತುಂಬಿದ ಬಸ್ಸಿನಲ್ಲಿ, ದಿನ ತುಂಬುತ್ತಿದ್ದ ಒಬ್ಬ ಹೆಣ್ಣುಮಗಳ ಕೈ ಹಿಡಿದು ಕೇಳಿದರಂತೆ: "ಹೋದ ಸಲ ರಕ್ತ ಹೋಗಿ ಸಾಯಾಕೆ ಬಿದ್ದಿದ್ದೆ. ಈ ಸಲ ಮನೇಲಿ ಹೆತ್ರೆ ಉಳಿಯಲ್ಲ. ದಾವಣಗೆರೆ ಆಸ್ಪತ್ರೆಗೆ ಯಾವತ್ತು ಹೋಗ್ತೀಯ?"

ಆಕೆಯ ಅತ್ತೆ ಎದೆ ಹಿಡಿದುಕೊಂಡಳು. ಅಪ್ಪ ಟಿಕೆಟ್ ಹರಿಯುವುದನ್ನು ಬಿಟ್ಟು, "ಬಿಡ್ತು ಅನ್ರಿ ಸಿಸ್ಟರಮ್ಮ, ಬಸುರಿ ಹೆಂಗಸಿನ ಮುಂದೆ ಏನ್ ಮಾತು ಅಂತ ಆಡ್ತೀರಿ" ಅಂದರು.

"ನೀವು ಅನ್ರಿ ಕಂಡಕ್ಟ್ರೇ, ನಿಮಗೆ ಟೈಮ್ ಐತೆ. ನಾನು ಇವಳಿಗೆ ಗಾಡಿ ಗೊತ್ತು ಮಾಡ್ಬೇಕು" ಅಂದರು ಅವರು.

ಆ ಹೆಣ್ಣುಮಗಳು ದಾವಣಗೆರೆಯಲ್ಲೇ ಹೆತ್ತಳು. ತಾಯಿ ಮಗು ಇಬ್ಬರೂ ಬದುಕಿದರು. ಅಪ್ಪ ಈ ಕಥೆ ಹೇಳುವಾಗಲೆಲ್ಲ ಕೊನೆಗೆ, "ಆದ್ರೂ ಬಸ್ಸಿನಾಗೆ ಹಂಗೆ ಅನ್ನಬಾರದಿತ್ತು ಬಿಡು" ಅಂತ ಸೇರಿಸುತ್ತಿದ್ದರು.

ನಾನು ಸಿಸ್ಟರಮ್ಮನನ್ನು ನಿಜವಾಗಿ ಕಂಡದ್ದು ಹೊನ್ನಾಳಿಯಲ್ಲೂ ಅಲ್ಲ, ನ್ಯಾಮತಿಯಲ್ಲೂ ಅಲ್ಲ, ದುಬೈಯಲ್ಲಿ. ನಾನು ಅಲ್ಲಿನ ಒಂದು ಶಾಲೆಯಲ್ಲಿ ಟೀಚರ್. ನನ್ನ ಗಂಡನದು ಎಸಿ ರಿಪೇರಿ ಕೆಲಸ. ನಮಗೊಂದು ಹೆಣ್ಣು ಮಗು. ಅಮ್ಮ ತೀರಿಕೊಂಡ ಮೇಲೆ, ನಾನೊಬ್ಬಳೇ ಮಗಳಾದ್ದರಿಂದ, ಅಪ್ಪನನ್ನು ಕರೆಸಿಕೊಂಡೆ. ಸಿಸ್ಟರಮ್ಮನೂ ನಿವೃತ್ತರಾಗಿ ದುಬೈಯಲ್ಲೇ ನರ್ಸಾಗಿದ್ದ ಮಗಳ ಮನೆಗೆ ಬಂದಿದ್ದಾರೆ ಅಂತ ನ್ಯಾಮತಿಯ ಯಾರೋ ಫೋನಿನಲ್ಲಿ ಅಪ್ಪನಿಗೆ ಹೇಳಿದರು. ಮರು ವಾರವೇ ಅವರು ನಮ್ಮ ಮನೆಯಲ್ಲಿ ಮಂಡಕ್ಕಿ ತಿನ್ನುತ್ತಾ ಕೂತಿದ್ದರು. ಊರಿನಲ್ಲಿ ಭಯಪಡುತ್ತಿದ್ದ ಅಪ್ಪ ಇಲ್ಲಿ ಅವರ ದಾರಿ ಕಾಯುವಂತಾದರು. ಲಿಫ್ಟಿನ ಕಟ್ಟಡಗಳ ನಡುವೆ 'ಕಂಡಕ್ಟ್ರೇ' ಅಂತ ಕರೆಯುವವರು ಅವರೊಬ್ಬರೇ ಇದ್ದರು.

ಅಪ್ಪ ನಮ್ಮ ಜೊತೆ ಉಳಿಯಬೇಕಾದರೆ ವೀಸಾ ಬೇಕು, ವೀಸಾಕ್ಕೆ ಆರೋಗ್ಯ ವಿಮೆ ಬೇಕು. ವಯಸ್ಸಾದವರಿಗೆ ವಿಮೆ ಕೊಡಬೇಕಾದರೆ ಕಂಪನಿಯವರು ಪ್ರಶ್ನೆ ಕೇಳುತ್ತಾರೆ. ಎದೆ ನೋವು ಬಂದಿತ್ತೇ, ಆಪರೇಷನ್ ಆಗಿದೆಯೇ, ಕ್ಯಾನ್ಸರ್ ಇದೆಯೇ. ನಾನು ಕನ್ನಡದಲ್ಲಿ ಓದಿ ಹೇಳಿದರೆ ಅಪ್ಪ ಒಂದೊಂದಕ್ಕೂ, "ಬಿಡ್ತು ಅನ್ನಮ್ಮ. ದೀಪ ಹಚ್ಚೋ ಹೊತ್ತಿನಾಗೆ ಏನ್ ಓದ್ತೀಯ ಇದನ್ನ" ಅನ್ನುತ್ತಿದ್ದರು. ವಿಮೆ ಮಾಡಿಸುವ ಏಜೆಂಟು ಇನ್ನೂ ಸುಲಭ ಮಾಡಿದ. ಎಲ್ಲಕ್ಕೂ 'ಇಲ್ಲ' ಅಂತ ಹಾಕಿಬಿಡೋಣ ಮೇಡಂ, ಎಲ್ಲರೂ ಹಾಗೇ ಮಾಡೋದು ಅಂದ.

ನಿಜ ಏನೆಂದರೆ ಅಪ್ಪನ ಎದೆಗೆ ದಾವಣಗೆರೆಯಲ್ಲಿ ಸ್ಟೆಂಟ್ ಹಾಕಿದ್ದರು. ಅದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜಗಳೂರಿನ ನೆಂಟರ ಮನೆಯ ಮದುವೆಗೆ ಹೋಗಿದ್ದೆ ಅಂತ ಅಪ್ಪ ಎಲ್ಲರಿಗೂ ಹೇಳಿದ್ದರು. ಮದುವೆ ಊಟದಲ್ಲಿ ಏನೇನಿತ್ತು ಅಂತ ಕೇಳಿದವರಿಗೆ ಅದನ್ನೂ ಹೇಳಿದ್ದರು. ಈಗ ಹೇಳಿಕೊಂಡರೆ ವಿಮೆ ಸಿಗದಿರಬಹುದು. ಸಿಗದಿದ್ದರೆ ಅಪ್ಪ ವಾಪಸ್ ಹೋಗಬೇಕು. ಹೇಳದೆ ಮುಚ್ಚಿಟ್ಟು, ನಾಳೆ ಎದೆ ನೋವು ಬಂದು, ಹಳೆಯದು ಹೊರಗೆ ಬಿದ್ದರೆ ಕಂಪನಿ ಕೈ ಎತ್ತುತ್ತದೆ. ಆಮೇಲೆ ಆಸ್ಪತ್ರೆ ಬಿಲ್ಲು ನಮ್ಮ ಸಂಸಾರವನ್ನೇ ನುಂಗುತ್ತದೆ. ನಾನು, ನನ್ನ ಗಂಡ ಒಂದು ವಾರ ಪಿಸುಗುಟ್ಟಿದ್ದೇ ಪಿಸುಗುಟ್ಟಿದ್ದು.

ಆ ಶನಿವಾರ ಸಿಸ್ಟರಮ್ಮ ಊಟಕ್ಕೆ ಬಂದಿದ್ದರು. ಊಟ ಮುಗಿಸಿ ಅಪ್ಪನ ಕೈ ಹಿಡಿದು ಕೂತವರು, "ಕಂಡಕ್ಟ್ರೇ, ಎದೆಗೆ ಯಾವಾಗ ಹಾಕಿಸ್ಕೊಂಡ್ರಿ?" ಅಂದರು.

ಅಪ್ಪ ನನ್ನನ್ನು ನೋಡಿದರು. ನಾನು ಹೇಳಿರಲಿಲ್ಲ.

"ಅವಳನ್ನ ಯಾಕೆ ನೋಡ್ತೀರಿ? ಕೈ ತೊಳೆಯೋ ನೆಪದಾಗೆ ಮಾತ್ರೆ ನುಂಗಿದ್ರಲ್ಲ. ರಕ್ತ ತೆಳ್ಳಗಾಗೋ ಮಾತ್ರೆ ಅದು, ನನಗೆ ಗೊತ್ತಾಗಲ್ವೇನು?"

ನಾನು ವಿಮೆಯ ಸಂಗತಿ ಬಾಯಿಬಿಟ್ಟೆ. ಅಪ್ಪನಿಗೆ ಸಿಟ್ಟು ಬಂತು. "ಹೇಳಿದ್ರೆ ಅವರು ಬ್ಯಾಡ ಅಂತಾರೆ. ಆಮೇಲೆ ನೀವೆಲ್ಲ ಸೇರ್ಕಂಡು ನನ್ನ ವಿಮಾನ ಹತ್ತಿಸ್ತೀರಿ. ಮೊಮ್ಮಗಳನ್ನ ಬಿಟ್ಟು ನಾನು ಎಲ್ಲಿಗೂ ಹೋಗಲ್ಲ. ಇಲ್ಲದ ಕಾಯಿಲೆ ಯಾಕೆ ಹೇಳ್ಕಾಬೇಕು? ಈಗ ಏನಾಗೈತೆ ನನಗೆ?"

ಸಿಸ್ಟರಮ್ಮ ಅವರ ಕೈ ಬಿಡಲಿಲ್ಲ. ದನಿಯನ್ನೂ ಏರಿಸಲಿಲ್ಲ. "ನೋಡ್ರಿ, ನನ್ನ ಎಡಗಡೆ ಮೊಲೆ ತೆಗೆದಾರೆ. ಕ್ಯಾನ್ಸರ್. ಇಲ್ಲಿಗೆ ಬರೋಕಿಂತ ಮುಂಚೆ" ಅಂದರು.

ನಮ್ಮ ಕಡೆ ಹೆಂಗಸರು ಈ ಮಾತನ್ನು ಹೆಂಗಸರ ಮುಂದೆಯೂ ಆಡುವುದಿಲ್ಲ. ಅಪ್ಪ ತಲೆ ತಗ್ಗಿಸಿದರು. ನನ್ನ ಗಂಡ ಎದ್ದು ಅಡುಗೆಮನೆಗೆ ಹೋದ. ಅವರು ಮಾತ್ರ ಬೆಳೆಯ ಸಂಗತಿ ಹೇಳುವಷ್ಟೇ ಸಲೀಸಾಗಿ ಹೇಳುತ್ತಾ ಹೋದರು. ಅವರಿಗೂ ಮುಚ್ಚಿಡಿ ಅಂತ ಹೇಳಿದವರಿದ್ದರಂತೆ. ಅವರು ಹೇಳಿಬಿಟ್ಟರು. ಉಳಿದೆಲ್ಲ ಕಾಯಿಲೆಗೆ ಕೊಡುತ್ತೇವೆ, ಕ್ಯಾನ್ಸರಿಗೆ ಬಿಡಿಗಾಸೂ ಇಲ್ಲ ಅಂತ ಕಂಪನಿ ಬರೆದುಕೊಟ್ಟಿತು. ಅವರು ಒಪ್ಪಿಕೊಂಡರು.

"ಅದು ತಿರುಗಿ ಬಂದ್ರೆ ನಾನು ಆ ವಾರವೇ ಊರಿಗೆ. ಅಲ್ಲಾದ್ರೆ ನನ್ನ ಪಿಂಚಣಿ ಒಳಗೆ ಹೆಂಗೋ ಆಗ್ತದೆ. ನಾನೇನು ಭಾರಿ ಸತ್ಯವಂತೆ ಅಲ್ಲ ಕಂಡಕ್ಟ್ರೇ. ಬೇಕಾದಷ್ಟು ಸುಳ್ಳು ಹೇಳೀನಿ, ಸೊಸೆಯಂದಿರ ಪರವಾಗಿ ಅತ್ತೆಯರಿಗೆ. ಆದ್ರೆ ಈ ಸುಳ್ಳಿನ ಬಿಲ್ಲು ಮಗಳ ತಲೆ ಮೇಲೆ ಬೀಳ್ತದೆ. ಅಷ್ಟನ್ನ ನಾನು ಮಾಡಲ್ಲ."

ಅಪ್ಪ ವಿಮೆಯ ಫಾರಂ ನನ್ನ ಕಡೆ ಸರಿಸಿ, "ಬರಿ" ಅಂದರು. ನನಗೆ, ಸಿಸ್ಟರಮ್ಮನಿಗಲ್ಲ. ಸ್ಟೆಂಟು, ಬಿಪಿ, ಅಮ್ಮ ಹೋದ ಮೇಲೆ ಶುರುವಾದ ಸಕ್ಕರೆ ಕಾಯಿಲೆ, ಒಂದೊಂದಾಗಿ ಹೇಳಿದರು. ಸಕ್ಕರೆ ಕಾಯಿಲೆ ನನಗೂ ಗೊತ್ತಿರಲಿಲ್ಲ.

ಕೊನೆಯಲ್ಲಿ ಒಂದು ಪ್ರಶ್ನೆ ಉಳಿದಿತ್ತು. ಅದನ್ನು ನಾನು ಓದದೆ ದಾಟಿಸಿದ್ದೆ. ಇಲ್ಲೇ ತೀರಿಕೊಂಡರೆ ದೇಹವನ್ನು ಊರಿಗೆ ಕಳಿಸುವ ಸೌಲಭ್ಯ ಬೇಕೇ, ಬೇಕಿದ್ದರೆ ಇನ್ನಷ್ಟು ಕಟ್ಟಬೇಕು. ಸಿಸ್ಟರಮ್ಮ ಕನ್ನಡಕ ಏರಿಸಿ ಅದನ್ನು ಓದಿದರು. ಅಪ್ಪನ ಕಡೆ ತಿರುಗಿ, "ನಿಮ್ಮನ್ನ ಎಲ್ಲಿ ಮಣ್ಣು ಮಾಡ್ಬೇಕು?" ಅಂತ ಕೇಳಿದರು.

ಸಾಕು ಸಿಸ್ಟರಮ್ಮ ಅಂತ ನನ್ನ ಬಾಯಿಗೆ ಬಂತು. ಅವರ ಮೇಲೆ ನನಗೆ ನಿಜವಾಗಿಯೂ ಕೋಪ ಬಂದಿತ್ತು. ಹೆತ್ತ ಮಗಳ ಎದುರು, ಇನ್ನೂ ಬದುಕಿ ಕೂತಿರುವ ಮನುಷ್ಯನಿಗೆ, ಊಟ ಮಾಡಿದ ಮನೆಯಲ್ಲಿ ಕೇಳುವ ಮಾತೇ ಅದು?

ಅಪ್ಪ ಬೇಜಾರು ಮಾಡಿಕೊಳ್ಳಲಿಲ್ಲ. ಎಷ್ಟೋ ದಿನದಿಂದ ಯಾರಾದರೂ ಕೇಳಲಿ ಅಂತ ಕಾದವರ ಹಾಗೆ, ಮೆತ್ತಗೆ, "ಅವಳ ಪಕ್ಕದಾಗೆ" ಅಂದರು.

ಅಮ್ಮನನ್ನು ಹೊನ್ನಾಳಿ ಹತ್ತಿರದ ನಮ್ಮ ಹೊಲದಲ್ಲೇ ಮಣ್ಣು ಮಾಡಿದ್ದು. ಅಪ್ಪ ಇಲ್ಲಿಗೆ ಬಂದ ಮೇಲೆ ರಾತ್ರಿ ಸರಿಯಾಗಿ ನಿದ್ದೆ ಮಾಡುತ್ತಿರಲಿಲ್ಲ. ಎಸಿ ತಂಪಿಗೆ ಹೀಗೆ ಅಂತ ನಾವು ಅದರ ಗಾಳಿಯನ್ನು ಹೆಚ್ಚು ಕಡಿಮೆ ಮಾಡುತ್ತಿದ್ದೆವು. ಇಲ್ಲೇ ಸತ್ತರೆ ಇಲ್ಲೇ ಹೂತುಬಿಡುತ್ತಾರೆ, ಅವಳು ಅಲ್ಲಿ ಒಬ್ಬಳೇ ಆಗುತ್ತಾಳೆ ಅನ್ನುವ ಚಿಂತೆ ಅದು ಅಂತ ಆಗ ಗೊತ್ತಾಯಿತು. ಮೊಮ್ಮಗಳನ್ನು ಬಿಟ್ಟು ಹೋಗಲಾರರು, ಹೆಂಡತಿಯನ್ನು ಬಿಟ್ಟು ಇರಲಾರರು. ಅದನ್ನು ಯಾರಿಗೆ ಹೇಳುವುದು? ಹೇಳಿದರೆ ನಾನೇ ಬಿಡ್ತು ಅನ್ನಪ್ಪ ಅನ್ನುತ್ತಿದ್ದೆ.

"ಹಂಗಾದ್ರೆ ಬೇಕು ಅಂತ ಬರೀಮ್ಮ" ಅಂದರು ಸಿಸ್ಟರಮ್ಮ. ಬರೆದೆ. ಅಕ್ಷರ ಕಾಣಲಿಲ್ಲ, ಅಷ್ಟು ಅಳು ಬಂದಿತ್ತು.

ಮೊದಲ ಕಂಪನಿ ಆಗುವುದಿಲ್ಲ ಅಂದಿತು. ಆ ದಿನ ಅಪ್ಪ ಊಟ ಬಿಟ್ಟರು, ನಾನು ಸಿಸ್ಟರಮ್ಮನ ಫೋನ್ ಎತ್ತಲಿಲ್ಲ. ಅವರು ಬಸ್ಸು ಹಿಡಿದು ಮನೆಗೇ ಬಂದರು, ಮಗಳ ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡು ಇನ್ನೊಂದು ಕಂಪನಿಯ ಹೆಸರು ತಂದಿದ್ದರು. ಆ ಕಂಪನಿ ಒಪ್ಪಿತು. ಹೃದಯದ ಕಾಯಿಲೆಗೆ ಮೊದಲ ಆರು ತಿಂಗಳು ಏನೂ ಇಲ್ಲ, ಆಮೇಲೆ ಉಂಟು, ಕಂತು ಜಾಸ್ತಿ. ನನ್ನ ಗಂಡ ಕಾರು ಕೊಳ್ಳುವ ಮಾತು ಬಿಟ್ಟ. ಅಪ್ಪ ಉಳಿದರು.

ಮರು ವರ್ಷ ಮೊಮ್ಮಗಳನ್ನು ಶಾಲೆ ಬಸ್ಸಿಗೆ ಹತ್ತಿಸಿ ಬರುವಾಗ ಅಪ್ಪ ಎದೆ ಹಿಡಿದುಕೊಂಡು ಕೂತರು. ಆಸ್ಪತ್ರೆಯಲ್ಲಿ ಇನ್ನೊಂದು ಸ್ಟೆಂಟು. ಕಂಪನಿಯವರು ಹಳೆಯ ಕಾಗದ ತರಿಸಿ ನೋಡಿದರು. ಎಲ್ಲವೂ ಮೊದಲೇ ಹೇಳಿದ್ದೇ ಆಗಿತ್ತು, ಆರು ತಿಂಗಳೂ ಕಳೆದಿತ್ತು. ಬಿಲ್ಲು ಅವರೇ ಕಟ್ಟಿದರು.

ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದ ತಿಂಗಳಲ್ಲೇ ಸಿಸ್ಟರಮ್ಮ ಊರಿಗೆ ಹೊರಟರು. ಅವರದು ತಿರುಗಿ ಬಂದಿತ್ತು. ಹೇಳಿದಂತೆ ಆ ವಾರವೇ. ಇಲ್ಲೇ ಸಾಲ ಮಾಡಿಯಾದರೂ ತೋರಿಸುತ್ತೇನೆ ಅಂತ ಮಗಳು ಕಾಲು ಹಿಡಿದು ಬೇಡಿಕೊಂಡರೂ ಕೇಳಲಿಲ್ಲ. ನಾವು ನೋಡಲು ಹೋದಾಗ ಸೂಟ್‌ಕೇಸು ತುಂಬುತ್ತಿದ್ದರು.

"ವಾಸಿ ಮಾಡ್ಕೊಂಡು ಬೇಗ ಬರ್ರಿ" ಅಂದೆ.

"ಬರಲ್ಲ ಕಣಮ್ಮ. ಮೂಳೆಗೆ ಇಳಿದೈತೆ. ನೀನು ಈಗಲೇ ಅತ್ತುಬಿಡು, ಆಮೇಲೆ ಫೋನಿನಾಗೆ ಅಳಬ್ಯಾಡ. ಫೋನಿನಾಗೆ ಅತ್ರೆ ನನಗೆ ಸಮಾಧಾನ ಮಾಡಾಕೆ ಬರಲ್ಲ."

ಬಸವಾಪಟ್ಟಣದ ತಂಗಿಯ ಮನೆಯಲ್ಲಿ ಅವರು ಕೊನೆಯ ದಿನಗಳನ್ನು ಕಳೆದರು. ನೋವಿಗೆ ಯಾವ ಮಾತ್ರೆ, ಯಾರನ್ನು ಕರೆಯಬೇಕು, ಯಾರಿಗೆ ಹೇಳುವುದು ಬೇಡ, ಎಲ್ಲವನ್ನೂ ತಾವೇ ಹೇಳಿಟ್ಟಿದ್ದರು. ಮಗಳು ರಜೆ ಹಾಕಿ ಹೋಗಿ ಪಕ್ಕದಲ್ಲೇ ಇದ್ದಳು. ಸಾವಿನ ಮನೆಯಲ್ಲಿ ಹಾಗಲ್ಲ ಹೀಗೆ ಅಂತ ಜಗಳವಾಡಲು ಯಾರಿಗೂ ಏನೂ ಉಳಿದಿರಲಿಲ್ಲವಂತೆ.

ಬೇಸಿಗೆ ರಜೆಗೆ ಅಪ್ಪನನ್ನು ಕರೆದುಕೊಂಡು ಊರಿಗೆ ಬಂದೆ. ಮೊದಲು ಬಸವಾಪಟ್ಟಣಕ್ಕೆ ಹೋಗಿ ಸಿಸ್ಟರಮ್ಮನ ತಂಗಿಯನ್ನು ಮಾತಾಡಿಸಿ ಬಂದೆವು. ಮರುದಿನ ಹೊಲಕ್ಕೆ ಹೋದೆವು. ನನ್ನ ಜೀವನದಲ್ಲಿ ನನಗೆ ಪಾಠ ಹೇಳಿದವರು ಬಹಳ ಮಂದಿ. ಹೆತ್ತ ಅಪ್ಪನ ಜೊತೆ ಮಾತಾಡುವುದನ್ನು ಕಲಿಸಿದವರು ಸಿಸ್ಟರಮ್ಮ ಒಬ್ಬರೇ, ಆ ಋಣ ನನ್ನ ಮೇಲಿದೆ.

ಅಪ್ಪ ಅಮ್ಮನ ಗದ್ದುಗೆಯ ಮೇಲಿನ ಹುಲ್ಲು ಕಿತ್ತರು. ಆಮೇಲೆ ಕೋಲಿನಿಂದ ಪಕ್ಕದ ನೆಲ ತೋರಿಸಿದರು. "ಎಡಕ್ಕೆ ಬ್ಯಾಡ, ಮಳೆಗಾಲದಾಗೆ ಅಲ್ಲಿ ನೀರು ನಿಲ್ತದೆ. ಬಲಕ್ಕೆ ಮಾಡ್ರಿ. ಬೇವಿನ ಗಿಡ ಕಡಿಯಬ್ಯಾಡ್ರಿ, ಅವಳು ಹಾಕಿದ್ದು. ಕೇಳಿಸ್ಕಂಡ್ಯಾ?"

"ಬಲಕ್ಕೆ. ಬೇವಿನ ಗಿಡ ಕಡಿಯಬಾರದು. ಕೇಳಿಸ್ಕಂಡೆ ಅಪ್ಪಾ" ಅಂದೆ.